ಬಸ್ಸು ಬರುವಷ್ಟರಲ್ಲಿ ಒಂದು ಸಿನಿಮಾ

ಸಂಜೆ ಐದರ ಹೊತ್ತು. ತಾವರಗೇರಾದ ಬಸ್ ನಿಲ್ದಾಣದಲ್ಲಿ ಕಾಲೇಜು ಬಿಟ್ಟು ಬಂದ ಹುಡುಗ ಹುಡುಗಿಯರು, ಸಂತೆಚೀಲ ಕಾಲ ಬಳಿ ಇಟ್ಟುಕೊಂಡು ಕೂತ ಹೆಂಗಸರು, ಹೆಗಲ ಮೇಲೆ ಟವೆಲ್ ಹಾಕಿದ ರೈತರು. ಅಂಗಡಿಯ ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿದೆ, ಪಕ್ಕದ ಬುಟ್ಟಿಯಲ್ಲಿ ಒಗ್ಗರಣಿ ರಾಶಿ ಬಿದ್ದಿದೆ. ಕುಷ್ಟಗಿಯ ಬಸ್ಸು ಹೋಯಿತು. ಗಂಗಾವತಿಯದು ಇನ್ನೂ ಬಂದಿಲ್ಲ. ಹಳ್ಳಿ ಬಸ್ಸಿನ ಬಗ್ಗೆ ಕೇಳಿದರೆ ಒಂದೇ ಉತ್ತರ: "ತಡೀರಿ, ಇನ್ನ ಹತ್ತ್ ನಿಮಿಷಕ್ಕ ಬರ್ತೈತಿ."

ಆ ಹತ್ತು ನಿಮಿಷ ಇಪ್ಪತ್ತಾಗುತ್ತದೆ. ಅಷ್ಟು ಹೊತ್ತೂ ಎಲ್ಲರ ತಲೆ ಬಗ್ಗಿರುತ್ತದೆ, ಹೆಬ್ಬೆರಳು ಗಾಜಿನ ಮೇಲೆ ಸರಿಯುತ್ತಲೇ ಇರುತ್ತದೆ. ಅರ್ಧ ನಿಮಿಷ ಕುಣಿತ, ಅರ್ಧ ನಿಮಿಷ ಜಗಳ, ಮತ್ತೆ ಯಾರದೋ ಮದುವೆ, ಯಾವುದೋ ಊರಿನ ಅಪಘಾತ. ಬಸ್ಸು ಬಂದು ಸೀಟು ಹಿಡಿದ ಮೇಲೆ ಏನೇನು ನೋಡಿದಿರಿ ಎಂದು ಕೇಳಿದರೆ ಒಂದೂ ನೆನಪಾಗುವುದಿಲ್ಲ.

ಅದೇ ಇಪ್ಪತ್ತು ನಿಮಿಷದಲ್ಲಿ ಅದೇ ಮೊಬೈಲು ಹಿಡಿದು ಇರಾನಿನ ಓಣಿಯೊಂದಕ್ಕೆ ಹೋಗಿ ಬರಬಹುದು. ಅಲ್ಲೊಬ್ಬ ಹುಡುಗ ರೊಟ್ಟಿ ಹಿಡಿದು ಮನೆಗೆ ಹೊರಟಿದ್ದಾನೆ. ದಾರಿಗೆ ನಾಯಿಯೊಂದು ಅಡ್ಡ ನಿಂತಿದೆ. ಮುಂದೆ ಏನಾಯಿತು ಎನ್ನುವುದು ಹತ್ತು ನಿಮಿಷದ ಕಥೆ. ನೋಡಿದವರು ಆ ಹುಡುಗನನ್ನು ವರ್ಷಗಟ್ಟಲೆ ಮರೆಯುವುದಿಲ್ಲ.

ಜಗತ್ತಿನಲ್ಲಿ ಇಂಥ ಕಿರುಚಿತ್ರಗಳು ಸಾವಿರ ಸಾವಿರ ಇವೆ. ನಮ್ಮಂಥ ಊರಿಗೆ ದೊಡ್ಡ ಪರದೆಯ ಮೇಲೆ ಎಂದೂ ಬಾರದಿದ್ದ ಜಗತ್ತಿನ ಸಿನಿಮಾ ಈಗ ಅಂಗೈಗೇ ಬಂದು ಕೂತಿದೆ. ಆದರೆ ಅದು ತಾನಾಗಿ ಎದುರಿಗೆ ಬರುವುದಿಲ್ಲ, ಹುಡುಕಿಕೊಂಡು ಹೋಗಬೇಕು.

ಹುಟ್ಟಿದ್ದೇ ಗಿಡ್ಡದಾಗಿ

ಕಿರುಚಿತ್ರ ಎಂದರೆ ಎಷ್ಟು ಹೊತ್ತಿನದು? ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯ ಲೆಕ್ಕದಲ್ಲಿ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದೊಳಗಿರಬೇಕು. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಯಲ್ಲಿ 15 ನಿಮಿಷವೇ ಮಿತಿ.

ಬಹಳ ಜನ ಕಿರುಚಿತ್ರವನ್ನು ದೊಡ್ಡ ಸಿನಿಮಾ ಮಾಡಲು ದುಡ್ಡಿಲ್ಲದವರ ಕಸರತ್ತು ಎಂದುಕೊಂಡಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸೋದರರು ಟಿಕೆಟ್ ಇಟ್ಟು ತೋರಿಸಿದ ಹತ್ತು ಚಿತ್ರಗಳಲ್ಲಿ ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಮರುವರ್ಷ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತದಲ್ಲಿ ಮೊದಲು ತೋರಿಸಿದ್ದೂ ಅಂಥವನ್ನೇ. ಆಮೇಲೆ ಬಂದ ಚಾಪ್ಲಿನ್ ಮೊದಮೊದಲು ಜಗತ್ತನ್ನು ನಗಿಸಿದ್ದು ಒಂದು ರೀಲು, ಎರಡು ರೀಲಿನ ಚಿತ್ರಗಳಿಂದ. ಒಂದು ರೀಲು ಎಂದರೆ ಸುಮಾರು ಸಾವಿರ ಅಡಿ ಫಿಲ್ಮು, ಹತ್ತರಿಂದ ಹದಿನೈದು ನಿಮಿಷ. ಸಿನಿಮಾ ಹುಟ್ಟಿದ್ದೇ ಗಿಡ್ಡದಾಗಿ. ಮೂರು ತಾಸಿನ ಆಟ ಆಮೇಲಿನ ಬೆಳವಣಿಗೆ.

ದೊಡ್ಡ ಸಿನಿಮಾಕ್ಕೂ ಕಿರುಚಿತ್ರಕ್ಕೂ ಇರುವ ಸಂಬಂಧ ಕಾದಂಬರಿಗೂ ಅಜ್ಜಿ ಕಥೆಗೂ ಇರುವಂಥದ್ದು. ಅಜ್ಜಿ ಕಥೆ ಹೇಳುವಾಗ ಮುದುಕಿ ಎಲ್ಲಿ ಹುಟ್ಟಿದಳು, ಆಕೆಯ ಗಂಡ ಏನು ಮಾಡುತ್ತಿದ್ದ ಎಂದೆಲ್ಲ ಹೇಳುವುದಿಲ್ಲ. "ಒಂದೂರಾಗ ಒಬ್ಬಾಕಿ ಮುದುಕಿ ಇದ್ದಳಂತ" ಎಂದರೆ ಮುಗಿಯಿತು, ಮಗು ಒಳಗೆ ಹೋಗಿಬಿಟ್ಟಿರುತ್ತದೆ. ಒಳ್ಳೆಯ ಕಿರುಚಿತ್ರವೂ ಹಾಗೆಯೇ ಬಾಗಿಲು ತೆಗೆಯುತ್ತದೆ. ಈ ಮಾತಿಗೆ ಕನ್ನಡದ್ದೇ ಒಂದು ಉದಾಹರಣೆಯಿದೆ.

ಕಾನ್‌ಗೆ ಹೋದ ಅಜ್ಜಿಯ ಕೋಳಿ

ನನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಅಜ್ಜಿಯ ಕಥೆ ಕೇಳದ ಕನ್ನಡದ ಮಕ್ಕಳು ಕಡಿಮೆ. ಊರ ಮೇಲೆ ಸಿಟ್ಟು ಮಾಡಿಕೊಂಡ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಾಳೆ. ಮಾರನೆಯ ದಿನವೂ ಸೂರ್ಯ ಹುಟ್ಟುತ್ತಾನೆ. ಜಂಬದ ಕಥೆಯೆಂದು ಅದನ್ನು ಕೇಳಿ ನಕ್ಕು ನಾವು ಮುಂದೆ ಹೋಗಿದ್ದೇವೆ.

ಚಿದಾನಂದ ಎಸ್. ನಾಯ್ಕ್ ಮುಂದೆ ಹೋಗಲಿಲ್ಲ, ಅಲ್ಲೇ ನಿಂತರು. ವೈದ್ಯಕೀಯ ಓದಿದ್ದ ಈ ಕನ್ನಡಿಗ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿದ್ದರು. ಕೋರ್ಸಿನ ಕೊನೆಗೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಕಲಿತ ನಾಲ್ವರು ಸೇರಿ ಒಂದು ಚಿತ್ರ ಮಾಡಬೇಕು. ಅವರು ಮಾಡಿದ್ದು 16 ನಿಮಿಷದ ಕನ್ನಡ ಚಿತ್ರ, 'ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ'. ಸೂರ್ಯಕಾಂತಿ ಹೂವಿಗೇ ಮೊದಲು ಗೊತ್ತಾದದ್ದು ಎಂದು ಅದರ ಅರ್ಥ. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ.

ಇಲ್ಲಿ ಕಥೆ ಮಗ್ಗುಲು ಬದಲಿಸಿದೆ. ಮುದುಕಿ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ನಿಜವಾಗಿಯೂ ಬೆಳಗಾಗುವುದೇ ಇಲ್ಲ. ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎಂಬ ನಮ್ಮ ಜಾಣ ಮಾತನ್ನು ಚಿತ್ರ ಪಕ್ಕಕ್ಕೆ ಸರಿಸಿ, ಮುದುಕಿಯ ಮಾತೇ ನಿಜವಾಗಿದ್ದರೆ ಎಂದು ಕೇಳುತ್ತದೆ. ಕತ್ತಲಲ್ಲಿ ಉಳಿದ ಊರು ಏನು ಮಾಡೀತು? ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಸೂರ್ಯಕಾಂತಿ ಬೆಳೆಯುವವರಿಗೆ ಆ ಹೆಸರಿನ ಸೊಗಸು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಎತ್ತ ಇದೆಯೆಂದು ಎಳೆ ಹೂವಿಗೆ ಗೊತ್ತಿರುತ್ತದೆ. ಬೆಳಕು ಬಾರದಿದ್ದರೆ ಅದಕ್ಕೇ ಮೊದಲು ತಿಳಿಯಬೇಕು.

2024ರ ಮೇ ತಿಂಗಳಲ್ಲಿ ಈ ಚಿತ್ರ ಕಾನ್‌ನ 'ಲಾ ಸಿನೆಫ್' ವಿಭಾಗದಲ್ಲಿತ್ತು. ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ವಿಭಾಗ ಅದು. ಆ ವರ್ಷ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು, ಆಯ್ಕೆಯಾದದ್ದು 18. ಅವುಗಳಲ್ಲಿ ಮೊದಲ ಬಹುಮಾನ ನಮ್ಮ ಅಜ್ಜಿಯ ಕೋಳಿಗೆ ಬಂತು, ಜೊತೆಗೆ 15,000 ಯೂರೊ. ಒಲೆ ಮುಂದೆ ಕೂತು ಹೇಳಿದ ಕನ್ನಡದ ಕಥೆ ಕನ್ನಡದಲ್ಲೇ ಅಲ್ಲಿಗೆ ಹೋಗಿ ಗೆದ್ದು ಬಂದದ್ದು ನನಗೆ ಬಹುಮಾನದ ಮೊತ್ತಕ್ಕಿಂತ ದೊಡ್ಡ ಸುದ್ದಿಯಾಗಿ ಕಂಡಿತು.

ಮಾತಿಲ್ಲದವುಗಳಿಂದ ಶುರು ಮಾಡಿ

ಹೊರದೇಶದ ಚಿತ್ರ ಎಂದೊಡನೆ ನಮ್ಮಲ್ಲಿ ಹಲವರು ಹಿಂದೆ ಸರಿಯುವುದು ಭಾಷೆಗೆ ಹೆದರಿ. ಕೆಳಗೆ ಓಡುವ ಇಂಗ್ಲಿಷ್ ಸಾಲು ಓದುವಷ್ಟರಲ್ಲಿ ಮೇಲಿನ ದೃಶ್ಯ ಹೋಗಿಬಿಡುತ್ತದೆ. ಅದಕ್ಕೇ ಮಾತಿಲ್ಲದ, ಅಥವಾ ಮಾತು ತೀರ ಕಡಿಮೆಯಿರುವ ಚಿತ್ರಗಳಿಂದ ಶುರು ಮಾಡುವುದು ಒಳ್ಳೆಯದು. ಅಂಥವು ಬೇಕಾದಷ್ಟಿವೆ.

ಸತ್ಯಜಿತ್ ರಾಯ್ 1964ರಲ್ಲಿ ಮಾಡಿದ 'ಟೂ' ನೋಡಿ. ಸುಮಾರು 12 ನಿಮಿಷ, ಕಪ್ಪು ಬಿಳುಪು. ಅಮೆರಿಕದ ಟಿವಿಗಾಗಿ ಎಸ್ಸೊ ಕಂಪನಿ ಮಾಡಿಸಿದ ಚಿತ್ರ. ಇಂಗ್ಲಿಷಿನಲ್ಲಿ ಮಾಡಿಕೊಡಿ ಎಂದು ಕೇಳಿದಾಗ ರಾಯ್ ಮಾತನ್ನೇ ತೆಗೆದುಬಿಟ್ಟರು. ದೊಡ್ಡ ಮನೆಯೊಳಗೆ ಒಬ್ಬ ಹುಡುಗ, ಸುತ್ತ ತುಂಬ ಆಟಿಕೆ. ಕಿಟಕಿಯಾಚೆ ಗುಡಿಸಲಿನ ಹುಡುಗ, ಕೈಯಲ್ಲಿ ಒಂದು ಕೊಳಲು. ಹೊರಗಿನವನು ಕೊಳಲು ಊದಿದರೆ ಒಳಗಿನವನು ತುತ್ತೂರಿ ತರುತ್ತಾನೆ. ಹೊರಗಿನವನು ಗಾಳಿಪಟ ಹಾರಿಸುತ್ತಾನೆ. ಅದಕ್ಕೆ ಸಮನಾದ ಆಟಿಕೆ ಒಳಗಿನವನ ಹತ್ತಿರ ಇಲ್ಲ. ಆಗ ಅವನು ಏನು ತರುತ್ತಾನೆ, ಕೊನೆಗೆ ಯಾರ ಸದ್ದು ಉಳಿಯುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಮನೆಯಲ್ಲಿ ಹತ್ತು ವರ್ಷದ ಮಗುವಿದ್ದರೆ ಏನೂ ವಿವರಿಸದೆ ಈ ಚಿತ್ರ ಹಾಕಿಕೊಡಿ. ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ಮೊದಲು ಹೇಳಿದ ರೊಟ್ಟಿಯ ಹುಡುಗನ ಚಿತ್ರದ ಹೆಸರು 'ಬ್ರೆಡ್ ಅಂಡ್ ಆ್ಯಲಿ'. 1970ರಲ್ಲಿ ಅಬ್ಬಾಸ್ ಕಿಯರೋಸ್ತಮಿ ಮಾಡಿದ ಮೊಟ್ಟಮೊದಲ ಚಿತ್ರ ಅದು. ತೆಹರಾನಿನಲ್ಲಿ 'ಕಾನೂನ್' ಎಂಬ ಸಂಸ್ಥೆಯಿತ್ತು. ಮಕ್ಕಳಿಗೂ ಹರೆಯದವರಿಗೂ ಪುಸ್ತಕ, ಗ್ರಂಥಾಲಯ, ಸಿನಿಮಾ ಒದಗಿಸಲೆಂದು ಕಟ್ಟಿದ ಸಂಸ್ಥೆ. ಇರಾನಿನ ಹೆಸರಾಂತ ನಿರ್ದೇಶಕರಲ್ಲಿ ಕೆಲವರು ಪಳಗಿದ್ದು ಅಲ್ಲಿ ಮಕ್ಕಳ ಕಿರುಚಿತ್ರ ಮಾಡುತ್ತ. ಹುಡುಗ ಡಬ್ಬಿ ಒದೆಯುತ್ತ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಹಿಂದೆ ಓಡುತ್ತಾನೆ. ದೊಡ್ಡವರು ಯಾರಾದರೂ ಬಂದಾರೆಯೇ ಎಂದು ಕಾಯುತ್ತಾನೆ. ಒಬ್ಬ ಮುದುಕ ಬಂದಾಗ ಅವನ ಬೆನ್ನ ಹಿಂದೆಯೇ ಹೆಜ್ಜೆ ಹಾಕುತ್ತಾನೆ. ಆದರೆ ಮುದುಕ ನಡುದಾರಿಯಲ್ಲಿ ಬೇರೆ ಕಡೆ ತಿರುಗಿಬಿಡುತ್ತಾನೆ. ನಮ್ಮ ಓಣಿಗಳಲ್ಲಿ ಬೆಳೆದ ಯಾರಿಗೆ ಈ ಪಾಡು ಗೊತ್ತಿಲ್ಲ?

ಫ್ರಾನ್ಸಿನ 'ದಿ ರೆಡ್ ಬಲೂನ್' (1956) 34 ನಿಮಿಷದ್ದು. ಪ್ಯಾರಿಸ್ಸಿನ ಹುಡುಗನೊಬ್ಬನ ಹಿಂದೆ ನಾಯಿಮರಿಯಂತೆ ಬರುವ ಕೆಂಪು ಬಲೂನು. ನಿರ್ದೇಶಕ ಆಲ್ಬರ್ ಲಾಮೋರಿಸ್ ತಮ್ಮ ಮಗನನ್ನೇ ಪಾತ್ರ ಮಾಡಿಸಿದರು. ಹೆಚ್ಚುಕಡಿಮೆ ಮಾತೇ ಇಲ್ಲದ ಈ ಚಿತ್ರಕ್ಕೆ ಆಸ್ಕರ್ ಸಿಕ್ಕಿದ್ದು ಚಿತ್ರಕಥೆಗೆ.

ಕಿನ್ನಾಳದಲ್ಲಿ ಕಟ್ಟಿಗೆ ಗೊಂಬೆ ಮಾಡುವವರ ಕೈ ನೋಡಿದವರಿಗೆ ನೆದರ್ಲೆಂಡ್ಸಿನ ಬೆರ್ಟ್ ಹಾನ್‌ಸ್ಟ್ರಾ ಮಾಡಿದ 'ಗ್ಲಾಸ್' (1958) ಹಿಡಿಸದೆ ಇರದು. ಉರಿಯುವ ಗಾಜನ್ನು ಊದಿ ಊದಿ ಹೂಜಿ ಮಾಡುವ ಕುಶಲಕರ್ಮಿಗಳು ಒಂದು ಕಡೆ, ಬಾಟಲಿ ಸುರಿಯುವ ಯಂತ್ರ ಇನ್ನೊಂದು ಕಡೆ. ಹನ್ನೊಂದು ನಿಮಿಷ, ಸಂಗೀತ ಬಿಟ್ಟರೆ ಬೇರೆ ವಿವರಣೆಯಿಲ್ಲ. ಒಂದು ಒಡೆದ ಬಾಟಲಿ ಯಂತ್ರದಲ್ಲಿ ಸಿಕ್ಕಿಕೊಂಡಾಗ ಆಗುವ ಫಜೀತಿ ಕಂಡರೆ ಕೈಯ ಬೆಲೆ ಏನೆಂದು ಅರ್ಥವಾಗುತ್ತದೆ.

ಇನ್ನೊಂದಕ್ಕೆ ಮಾತಿದೆ, ಆದರೂ ಹೇಳದಿರಲು ಮನಸ್ಸಾಗದು. ಕೆನಡಾದ ಫ್ರೆಡರಿಕ್ ಬ್ಯಾಕ್ ಬಣ್ಣದ ಪೆನ್ಸಿಲಿನಿಂದ ಬರೆದು ಮಾಡಿದ 'ದಿ ಮ್ಯಾನ್ ಹೂ ಪ್ಲಾಂಟೆಡ್ ಟ್ರೀಸ್' (1987). ಒಣ ಬೆಟ್ಟದಲ್ಲಿ ಒಬ್ಬನೇ ಇರುವ ಕುರಿಗಾಹಿ ದಿನಾ ಬೀಜ ಆರಿಸಿ, ಕಬ್ಬಿಣದ ಕೋಲಿನಿಂದ ನೆಲ ಚುಚ್ಚಿ, ನೆಡುತ್ತಾನೆ. ಅರ್ಧ ಗಂಟೆಯೊಳಗೆ ನಾಲ್ಕು ದಶಕ ಕಳೆದು ಕಾಡು ಎದ್ದು ನಿಲ್ಲುತ್ತದೆ. ಮಳೆಗೆ ಮುಗಿಲು ನೋಡುತ್ತ ಕೂರುವ, ಕಂಬಳಿ ಹೊದ್ದ ಕುರಿಗಾಹಿಗಳು ದಿನನಿತ್ಯ ಎದುರಾಗುವ ನಮ್ಮ ಸೀಮೆಯಲ್ಲಿ ಈ ಚಿತ್ರ ಶಾಲೆ ಶಾಲೆಯಲ್ಲೂ ತೋರಿಸಬೇಕಾದದ್ದು.

ಸಿಗುವುದೆಲ್ಲಿ, ಸಿಗದಿರುವುದೇಕೆ

ಕಿರುಚಿತ್ರಕ್ಕೆ ಟಾಕೀಸಿನ ದಾರಿ ಇಲ್ಲ. ಹತ್ತು ನಿಮಿಷಕ್ಕೆ ಯಾರೂ ಟಿಕೆಟ್ ಕೊಡುವುದಿಲ್ಲ. ಹಾಗಾಗಿ ಅದು ಮೊದಲು ಹೋಗುವುದು ಚಿತ್ರೋತ್ಸವಗಳಿಗೆ. ಜರ್ಮನಿಯ ಓಬರ್‌ಹೌಸನ್‌ನಲ್ಲಿ 1954ರಿಂದ ಕಿರುಚಿತ್ರಗಳದ್ದೇ ಉತ್ಸವ ನಡೆಯುತ್ತಿದೆ. ಫ್ರಾನ್ಸಿನ ಕ್ಲೆರ್ಮೊಂ ಫೆರಾಂದಿನದು ಜಗತ್ತಿಗೇ ದೊಡ್ಡದು. ತಿರುವನಂತಪುರದಲ್ಲಿ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವವಿದೆ. ನಮ್ಮದೇ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಲ್ಲಿ ಶುರುವಾಯಿತು. ಅಲ್ಲಿ ಮುಖ್ಯ ಬಹುಮಾನ ಗೆದ್ದ ಚಿತ್ರ ಆಸ್ಕರ್ ಸ್ಪರ್ಧೆಗೆ ಅರ್ಹತೆ ಪಡೆಯುತ್ತದೆ.

ಇಲ್ಲೊಂದು ಸಂಗತಿ ತಿಳಿದಿರಬೇಕು. ಈಗಾಗಲೇ ಎಲ್ಲರಿಗೂ ಪುಕ್ಕಟೆ ಸಿಗುವ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಪ್ರಶಸ್ತಿಯ ಸುದ್ದಿ ಓದಿ ಅಂದೇ ಹುಡುಕಿದರೆ ಚಿತ್ರ ಸಿಗದೆ ಬರೀ ಟ್ರೇಲರ್ ಸಿಗುತ್ತದೆ. ಒಂದೆರಡು ವರ್ಷ ಊರೂರು ಸುತ್ತಿದ ಮೇಲೆ ಎಷ್ಟೋ ಚಿತ್ರಗಳನ್ನು ಮಾಡಿದವರೇ ಯೂಟ್ಯೂಬಿಗೋ ವಿಮಿಯೊಗೋ ಹಾಕುತ್ತಾರೆ. ಹೆಸರು ಬರೆದಿಟ್ಟುಕೊಂಡು ಕಾಯಬೇಕು. ನನ್ನ ಡೈರಿಯ ಕೊನೆಯ ಹಾಳೆ ಇಂಥ ಹೆಸರುಗಳಿಗೇ ಮೀಸಲು. ಇನ್ನು ಕೆಲವು ದುಡ್ಡು ಕೊಟ್ಟು ನೋಡುವ ಕಡೆ ಹೋಗುತ್ತವೆ. ನಮ್ಮ ಬಂಡೀಪುರದ ಮಗ್ಗುಲಿನ ಮುದುಮಲೈ ಕಾಡಿನಲ್ಲಿ ಆನೆಮರಿ ಸಾಕಿದ ದಂಪತಿಯ ಕುರಿತ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದದ್ದು ನೆನಪಿರಬಹುದು. ಅದು ನೆಟ್‌ಫ್ಲಿಕ್ಸಿನಲ್ಲಿದೆ.

ಸರ್ಕಾರಿ ಭಂಡಾರಗಳನ್ನು ಮರೆಯಬಾರದು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತನ್ನ ಸಾವಿರಾರು ಚಿತ್ರಗಳನ್ನು ಪುಕ್ಕಟೆ ತೆರೆದಿಟ್ಟಿದೆ. ನಮ್ಮಲ್ಲಿ 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ಇತ್ತು, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ಸೇರಿಹೋಗಿದೆ. ಟೆಂಟ್ ಟಾಕೀಸಿನಲ್ಲಿ ಸಿನಿಮಾ ನೋಡಿದ ಹಿರಿಯರಿಗೆ ಅದರ ನೆನಪಿರುತ್ತದೆ. ಮುಖ್ಯ ಚಿತ್ರಕ್ಕೆ ಮುಂಚೆ ಸರ್ಕಾರದ ಕಿರುಚಿತ್ರ ಹಾಕುವುದು ಕಡ್ಡಾಯವಾಗಿತ್ತು. ಪ್ರವಾಹ, ಅಣೆಕಟ್ಟು, ಕುಟುಂಬ ಯೋಜನೆ. ಅದು ಮುಗಿಯುವವರೆಗೆ ಎಷ್ಟೋ ಜನ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಿದ್ದರು. ಆದರೆ ಅದೇ ಸಂಸ್ಥೆಯಲ್ಲಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ 'ಐ ಆ್ಯಮ್ 20' ಮಾಡಿದರು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಹುಟ್ಟಿದ ಹುಡುಗ ಹುಡುಗಿಯರನ್ನು ಇಪ್ಪತ್ತು ತುಂಬಿದಾಗ ಮಾತಾಡಿಸಿದ ಚಿತ್ರ. ಇಂದಿಗೂ ಹಳತಾಗಿಲ್ಲ.

ಬಿಳಿ ಬಟ್ಟೆ, ಹಿಂದೊಂದು ದೀಪ

ಮೊಬೈಲಿನಲ್ಲಿ ಒಬ್ಬರೇ ನೋಡುವುದು ಶುರುವಿಗೆ ಸರಿ. ನಾಲ್ಕು ಜನ ಕೂತು ನೋಡಿದರೆ ಕಿರುಚಿತ್ರದ ಬಲ ಗೊತ್ತಾಗುತ್ತದೆ. ಹತ್ತು ನಿಮಿಷ ನೋಡಿ ಅರ್ಧ ತಾಸು ಮಾತಾಡಬಹುದು, ಬೇಕೆಂದರೆ ಮತ್ತೊಮ್ಮೆ ಹಾಕಬಹುದು. ಮೂರು ತಾಸಿನ ಸಿನಿಮಾಕ್ಕೆ ಈ ಅನುಕೂಲ ಇಲ್ಲ.

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕೂಡಿ ಸಿನಿಮಾ ನೋಡುವುದರ ಬಲವನ್ನು ಅರ್ಧ ಶತಮಾನದ ಹಿಂದೆಯೇ ಕಂಡುಕೊಂಡಿದ್ದರು. 1949ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ 70ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ತೋರಿಸಿತು. ಪುಣೆಯ ಸಿನಿಮಾ ಶಾಲೆಯ ಮೇಷ್ಟರು ಸತೀಶ್ ಬಹಾದೂರ್ ಅಲ್ಲಿಗೆ ಬಂದು ಸಿನಿಮಾ ನೋಡುವುದು ಹೇಗೆಂದು ಕಲಿಸಿದರು. ಆಗ ಪ್ರೊಜೆಕ್ಟರ್ ಬೇಕಿತ್ತು, ರೀಲಿನ ಡಬ್ಬಿಗಳನ್ನು ತರಿಸಬೇಕಿತ್ತು. ಈಗ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳ ಗೋಡೆಯ ಮೇಲೇ ಸ್ಮಾರ್ಟ್ ಕ್ಲಾಸಿನ ಟಿವಿ ಇದೆ. ಶನಿವಾರದ ಕೊನೆಯ ಪಿರಿಯಡ್ ಸಾಕು.

ಭಾಷೆ ತೊಡಕಾದರೆ ಒಬ್ಬರು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋಗಲಿ. ಮೂಕಿ ಸಿನಿಮಾದ ಕಾಲದಲ್ಲಿ ಜಪಾನಿನಲ್ಲಿ 'ಬೆನ್‌ಶಿ' ಎಂಬ ಕಥೆಗಾರರು ಪರದೆಯ ಪಕ್ಕ ನಿಂತು ಹೇಳುತ್ತಿದ್ದದ್ದು ಹೀಗೆಯೇ. ಅದಕ್ಕೆ ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಜೀವಮಾನವಿಡೀ ಮಾಡಿದ್ದು ಇನ್ನೇನು? ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪವಿಟ್ಟು, ತೊಗಲುಗೊಂಬೆ ಆಡಿಸುತ್ತ ರಾಮಾಯಣ, ಮಹಾಭಾರತ ಹಾಡಿದರು. 2025ರಲ್ಲಿ 96ನೆಯ ವಯಸ್ಸಿನಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಳಕು, ಬಟ್ಟೆ, ಕಥೆ ಈ ಸೀಮೆಗೆ ಹೊಸತಲ್ಲ.

ನಮ್ಮ ಹುಡುಗರ ಕ್ಯಾಮೆರಾ

ಉತ್ತರ ಕರ್ನಾಟಕದ ಹುಡುಗರು ಮೊಬೈಲಿನಲ್ಲಿ ತೆಗೆದ ಚಿತ್ರಗಳು ಈಗ ಬೇಕಾದಷ್ಟು. ನಮ್ಮ ಮಾತು, ನಮ್ಮ ಕಟ್ಟೆ, ನಮ್ಮ ಹೊಲ ಪರದೆಯ ಮೇಲೆ ಬಂದಿರುವುದು ಸಣ್ಣ ಸಂಗತಿಯಲ್ಲ. ಅವುಗಳನ್ನು ನಾನು ಪ್ರೀತಿಯಿಂದ ನೋಡುತ್ತೇನೆ, ಹಾಗಾಗಿಯೇ ಒಂದು ಮಾತು ಹೇಳಬೇಕು. ಬಹಳಷ್ಟು ಚಿತ್ರಗಳ ಕೊನೆಗೆ ಕಥೆ ನಿಂತುಹೋಗಿ ಉಪದೇಶ ಶುರುವಾಗುತ್ತದೆ. ಕುಡಿಯಬೇಡಿ, ತಂದೆತಾಯಿಯನ್ನು ನೋಡಿಕೊಳ್ಳಿ ಎಂದು ಅಕ್ಷರ ಮೂಡುತ್ತದೆ, ವಯೊಲಿನ್ ಅಳುತ್ತದೆ. 'ಟೂ' ಚಿತ್ರದ ಕೊನೆಗೆ ರಾಯ್ ಒಂದು ಅಕ್ಷರ ಹಾಕಲಿಲ್ಲ. ನೋಡಿದವರಿಗೆ ಏನೂ ಕಡಿಮೆಯಾಗಲಿಲ್ಲ.

ಕನ್ನಡದಲ್ಲಿ ಕಿರುಚಿತ್ರದ ದಾರಿ ಹಳೆಯದೇ. ಪುಟ್ಟಣ್ಣ ಕಣಗಾಲ್ 1976ರಲ್ಲಿ ಮೂರು ಸಣ್ಣ ಕಥೆಗಳನ್ನು ಪೋಣಿಸಿ 'ಕಥಾಸಂಗಮ' ಮಾಡಿದರು. 'ಘಟಶ್ರಾದ್ಧ'ಕ್ಕೆ ಮುಂಚೆ ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ವಿದ್ಯಾರ್ಥಿಯಾಗಿ 'ಅವಶೇಷ್' ಎಂಬ ಕಿರುಚಿತ್ರ ಮಾಡಿದರು, ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಶಿರಸಿ ಕಡೆಯ ನಟೇಶ್ ಹೆಗಡೆ 'ಪೆದ್ರೊ' ಸಿನಿಮಾಕ್ಕಿಂತ ಮೊದಲು ಮಾಡಿದ್ದು 'ಕುರ್ಲಿ' ಎಂಬ ಕಿರುಚಿತ್ರ.

ಕ್ಯಾಮೆರಾ ಹಿಡಿದ ನಮ್ಮ ಹುಡುಗರಿಗೆ ನಾನು ಹೇಳುವುದು ಮತ್ತೆ ಆ ರೊಟ್ಟಿಯ ಹುಡುಗನ ಚಿತ್ರದ ಬಗ್ಗೆಯೇ. ಅದರಲ್ಲೊಂದು ದೃಶ್ಯವಿದೆ. ಹುಡುಗ ರೊಟ್ಟಿಯ ಚೂರು ಎಸೆದ ಮೇಲೆ ನಾಯಿ ಬಾಲ ಅಲ್ಲಾಡಿಸುತ್ತ ಅವನ ಜೊತೆಗೇ ನಡೆದು ಬರುತ್ತದೆ. ಹುಡುಗ ಮನೆಯೊಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ, ನಾಯಿ ಹೊಸ್ತಿಲ ಮುಂದೆ ಮಲಗುತ್ತದೆ. ಪಳಗಿದ ಛಾಯಾಗ್ರಾಹಕರು ಇದನ್ನು ತುಂಡು ತುಂಡು ಮಾಡಿ ತೆಗೆದು ಆಮೇಲೆ ಜೋಡಿಸೋಣ ಎಂದರು. ಮೊದಲ ಚಿತ್ರ ಮಾಡುತ್ತಿದ್ದ ಕಿಯರೋಸ್ತಮಿ ಒಪ್ಪಲಿಲ್ಲ. ಹುಡುಗ, ನಾಯಿ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ನಾಯಿ ತಾನಾಗಿ ಮಲಗಬೇಕು ಎಂದು ಹಟ ಹಿಡಿದರು. ನಾಯಿಗೆ ಸಿನಿಮಾ ಗೊತ್ತಿಲ್ಲ, ಒಂದು ದಿನ ಬರುತ್ತದೆ, ಒಂದು ದಿನ ಓಡಿಹೋಗುತ್ತದೆ. ವಾರಗಟ್ಟಲೆ ಎಲ್ಲರೂ ಆ ಓಣಿಯಲ್ಲಿ ಕಾದರು. ಒಂದು ದಿನ ಹುಡುಗ ಒಳಗೆ ಹೋದ, ಬಾಗಿಲು ಮುಚ್ಚಿತು, ನಾಯಿ ಹೊಸ್ತಿಲ ಮುಂದೆ ಮಲಗಿತು.